ಬೆಲ್ಜಿಯಮ್ಮಿನ ರುಮಾಲು

ಕಲ್ಲುಕಟ್ಟೆಹಳ್ಳಿ, ತೂಬಗೆರೆ ಹೋಬಳಿ
6 ಜನವರಿ 1946

ತಮ್ಮ ನಾರಾಣಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಗಟ್ಟಿಮುಟ್ಟಾಗಿದ್ದೇವೆ. ಹಾಸ್ಟೆಲಿನ ಸಾರು ಬರೀ ನೀರು ಎಂದು ನೀನು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. "ನೀರಾದ್ರೇನು, ಉಪ್ಪು ಐತಲ್ಲ, ಉಣ್ಲಿ ಬಿಡು" ಅಂದರು. ಹಾಗೆಂದವರೇ ಸಂಜೆಗೆ ಒಂದು ಸೇರು ಹುರಿಗಾಳು ತಂದು ನನ್ನ ಮುಂದಿಟ್ಟು, ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಕೊಟ್ಟುಕಳಿಸು ಎಂದರು. ಅವರ ಸ್ವಭಾವ ನಿನಗೆ ಗೊತ್ತೇ ಇದೆ.

ಯಜಮಾನ ಬೈರಣ್ಣನವರು ತೀರಿಕೊಂಡು ಹದಿನೈದು ದಿನವಾಯಿತು. ಎಂಟು ಹಳ್ಳಿಗೆ ನಲವತ್ತು ವರ್ಷ ಯಜಮಾನಿಕೆ ಮಾಡಿದ ಜೀವ. ಮಕ್ಕಳಿಲ್ಲ. ತಿಥಿಯ ಊಟದ ಎಲೆ ಎತ್ತುವ ಮೊದಲೇ ಜಗಳ ಶುರುವಾಯಿತು. ಅವರ ಅಣ್ಣನ ಮಗ ಪಿಳ್ಳಪ್ಪ, ಯಜಮಾನಿಕೆಯ ರುಮಾಲು ತನಗೆ ಬರಬೇಕು ಅನ್ನುತ್ತಾನೆ. ತಂಗಿಯ ಮಗ ರಾಮಾಂಜಿನಪ್ಪ ತನಗೆ ಬರಬೇಕು ಅನ್ನುತ್ತಾನೆ. ತೀರ್ಮಾನ ಮಾಡಬೇಕಾದ ಕೂಟದಲ್ಲಿ ಊರಿಗೊಬ್ಬರಂತೆ ಎಂಟು ಜನ ಹಿರಿಯರಿದ್ದಾರೆ. ನಮ್ಮೂರಿನ ಪರವಾಗಿ ಅಪ್ಪ ಕೂರುತ್ತಾರೆ. ನಾಲ್ಕು ಜನ ಒಬ್ಬನ ಕಡೆ, ನಾಲ್ಕು ಜನ ಇನ್ನೊಬ್ಬನ ಕಡೆ. ಮೂರು ಸಲ ಕೂತು ಮೂರು ಸಲ ಎದ್ದರು. ವೀಳ್ಯದೆಲೆ ಖರ್ಚಾಯಿತು, ಅಷ್ಟೇ.

ಇದರಲ್ಲಿ ನನ್ನ ತಲೆನೋವು ಬೇರೆ. ಯಜಮಾನರು ಮೊದಲ ವೀಳ್ಯ ತೆಗೆದುಕೊಳ್ಳದೆ ನಮ್ಮ ಎಂಟು ಹಳ್ಳಿಯಲ್ಲಿ ಮದುವೆ ನಡೆಯುವುದಿಲ್ಲವಲ್ಲ. ನನ್ನ ನಾದಿನಿ ಲಕ್ಕಮ್ಮನದೂ ಸೇರಿ ಒಂಬತ್ತು ಮದುವೆ ನಿಂತುಹೋಗಿವೆ. ನಮ್ಮತ್ತೆ ಅದನ್ನೆಲ್ಲ ನಾನೇ ಕೈಯಾರೆ ನಿಲ್ಲಿಸಿದಂತೆ ನನ್ನ ಮುಖ ನೋಡುತ್ತಾರೆ. ನಿನ್ನ ದಪ್ಪ ಪುಸ್ತಕಗಳಲ್ಲಿ ಇದಕ್ಕೇನಾದರೂ ಮದ್ದಿದ್ದರೆ ಬರೆದು ಕಳಿಸು.

ಇಂತಿ ನಿನ್ನ ಅಕ್ಕ,
ವರಲಕ್ಷ್ಮಮ್ಮ

---

ಬೆಂಗಳೂರು
15 ಜನವರಿ 1946

ತೀರ್ಥರೂಪರಾದ ಅಪ್ಪನವರಿಗೆ ಆದಿನಾರಾಯಣಪ್ಪನ ನಮಸ್ಕಾರಗಳು. ಅಕ್ಕ ಇದನ್ನು ನಿಮಗೆ ಓದುತ್ತಾಳೆ. ಅವಳಿಗೂ ನಮಸ್ಕಾರ.

ಹುರಿಗಾಳು ತಲುಪಿತು. ಎರಡೇ ದಿನದಲ್ಲಿ ಮುಗಿಯಿತು, ಕೋಣೆಯಲ್ಲಿ ನಾಲ್ವರಿದ್ದೇವೆ.

ಅಕ್ಕ ಮದ್ದು ಕೇಳಿದ್ದಾಳೆ. ಮದ್ದೋ ಅಲ್ಲವೋ ತಿಳಿಯದು, ಈ ವಾರ ಓದಿದ ಒಂದು ಚರಿತ್ರೆಯನ್ನು ಬರೆಯುತ್ತೇನೆ. ಯೂರೋಪಿನಲ್ಲಿ ಬೆಲ್ಜಿಯಂ ಎಂಬ ಸಣ್ಣ ದೇಶವಿದೆ. ನೂರಹದಿನೈದು ವರ್ಷದ ಹಿಂದೆ ಅಲ್ಲಿಯ ಜನ ಹಾಲೆಂಡಿನ ರಾಜನನ್ನು ಓಡಿಸಿ ಬೇರೆಯಾದರು. ಬೇರೆಯಾದ ಮೇಲೆ ತಮಗೂ ಒಬ್ಬ ರಾಜ ಬೇಕಲ್ಲ. ಊರೂರಿನಿಂದ ಆರಿಸಿ ಕಳಿಸಿದ ಇನ್ನೂರು ಜನ ಒಂದು ಸಭೆಯಾಗಿ ಕೂತರು. ಅಪ್ಪ, ನಿಮ್ಮ ಕೂಟವಿದ್ದಂತೆಯೇ. ಮುಖ್ಯವಾಗಿ ಇಬ್ಬರ ಹೆಸರು ಬಂತು. ಒಬ್ಬ ಫ್ರಾನ್ಸಿನ ರಾಜನ ಎರಡನೆಯ ಮಗ, ಹದಿನಾರು ವರ್ಷದವನು, ನೆಮೂರ್ ಎಂದು. ಇನ್ನೊಬ್ಬ ಲಾಯ್ಕ್ಟನ್‌ಬರ್ಗ್ ಎಂಬವನು. ಮೂರನೆಯವನೊಬ್ಬನಿದ್ದ, ಅವನಿಗೆ ಜನ ಕಡಿಮೆ. ಮೊದಲ ಸಲ ಎಣಿಸಿದಾಗ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬೀಳಲಿಲ್ಲ. ಎರಡನೆಯ ಸಲ ನೂರತೊಂಬತ್ತೆರಡರಲ್ಲಿ ತೊಂಬತ್ತೇಳು ನೆಮೂರನಿಗೆ ಬಿತ್ತು. ಒಂದು ಕಡಿಮೆಯಾಗಿದ್ದರೂ ಗೆಲ್ಲುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿ ದೊಡ್ಡವರ ಒಂದು ಗುಂಪು ಪ್ಯಾರಿಸಿಗೆ ಹೋಗಿ, ನಿಮ್ಮ ಮಗನನ್ನು ಕೊಡಿ ಎಂದು ಕೇಳಿದರೆ, ಫ್ರಾನ್ಸಿನ ರಾಜ ಬೇಡ ಎಂದುಬಿಟ್ಟ. ಕೊಟ್ಟರೆ ಇಂಗ್ಲೆಂಡು ಯುದ್ಧಕ್ಕೆ ಬಂದೀತೆಂದು ಅವನಿಗೆ ಅಂಜಿಕೆ. ಹುಡುಗನ ಮನಸ್ಸಿನಲ್ಲಿ ಏನಿತ್ತೆಂದು ನಾನು ಓದಿದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ನಾನು ಹುಡುಕಿ ನೋಡಿದೆ.

ಆಮೇಲೆ ರಾಜ ಸಿಗುವ ತನಕ ಅಂತ ಸಭೆಯ ಹಿರಿಯರೊಬ್ಬರನ್ನೇ ರೀಜೆಂಟರಾಗಿ ಕೂರಿಸಿದರು. ಅಂದರೆ ರಾಜನ ಕೆಲಸ ನೋಡಿಕೊಳ್ಳುವವರು. ನಾಲ್ಕೈದು ತಿಂಗಳು ಹಾಗೇ ನಡೆಯಿತು. ಕೊನೆಗೆ ಆ ಇಬ್ಬರನ್ನೂ ಬಿಟ್ಟು ಲಿಯೊಪೋಲ್ಡ್ ಎಂಬ ಹೊರಗಿನವನನ್ನು ಕರೆದು ತಂದರು. ಅವನಿಗೆ ನೂರೈವತ್ತೆರಡು ಬಿತ್ತು. ದೇಶ ತಣ್ಣಗಾಯಿತು.

ಪರೀಕ್ಷೆ ಮಾರ್ಚಿ ಹದಿನೆಂಟಕ್ಕೆ ಶುರು. ಇದು ಬಿ.ಎ. ಕೊನೆಯ ಪರೀಕ್ಷೆ. ಓದು ಚೆನ್ನಾಗಿ ಸಾಗಿದೆ.

ನಿಮ್ಮ ಆಶೀರ್ವಾದ ಬೇಡುವ,
ಆದಿನಾರಾಯಣಪ್ಪ

---

ಕಲ್ಲುಕಟ್ಟೆಹಳ್ಳಿ
29 ಜನವರಿ 1946

ನಾರಾಣಿ,

ಕೂತುಕೊಂಡು ಓದು. ನಿಂತಿದ್ದರೆ ಮೊದಲು ಕೂರು.

ನಿನ್ನ ಕಾಗದವನ್ನು ಅಪ್ಪ ನನ್ನ ಕೈಲಿ ನಾಲ್ಕು ಸಲ ಓದಿಸಿದರು. ಆಮೇಲೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಇದ್ನ ಕೂಟದಾಗೆ ಓದುಸ್ಬೇಕು ಕಣವ್ವ" ಅಂದರು. ಮೊನ್ನೆ ಭಾನುವಾರ ಅರಳಿಕಟ್ಟೆಯ ಮೇಲೆ ಕೂಟ ಸೇರಿತು. ನಾವು ಹೆಂಗಸರು ಕಟ್ಟೆಯ ಹಿಂದೆ ನಿಂತಿದ್ದೆವು. ಅಪ್ಪನಿಗೆ ಕಾಗದ ಅಂದರೆ ಲಗ್ನಪತ್ರಿಕೆಯೊಂದೇ ಗೊತ್ತು. ಅದನ್ನು ಹೇಗೆ ಹಿರಿಯರ ಮುಂದೆ ಇಡುತ್ತಾರೋ ಹಾಗೇ ನಿನ್ನ ಕಾಗದವನ್ನೂ ಹಿತ್ತಾಳೆ ತಟ್ಟೆಯಲ್ಲಿ ಇಟ್ಟು, ಜೊತೆಗೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು, ಕೂಟದ ಮುಂದೆ ತಳ್ಳಿದರು. ಸ್ಕೂಲು ಮೇಷ್ಟ್ರು ತೆಗೆದು ಓದಿದರು. ಬಹಳ ಚೆನ್ನಾಗಿ ಓದಿದರು. ಲಿಯೊಪೋಲ್ಡ್ ಬಂದಾಗ ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಓದು ಮುಗಿಯಿತು. ಕೂಟದಲ್ಲಿ ಎಲ್ಲರಿಗಿಂತ ಹಿರಿಯರು ವೆಂಕಟರಾಯಪ್ಪನವರಲ್ಲವಾ, ಅವರು ತಟ್ಟೆಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಅಪ್ಪನ ಕಡೆ ಕೈ ತೋರಿಸಿ ಹೇಳಿದರು: "ಬೈರಣ್ಣನ್ನ ಆರ್ಸಿದಾಗ ನಾನಿದ್ದೆ. ತಟ್ಟೇಲಿ ಎರಡೆಲೆ ಒಂದಡಿಕೆ ಇಕ್ಕಿ ಕೂಟದ ಮುಂದೆ ತಳ್ಳೋದೇ ರುಮಾಲಿಗೆ ಹೆಸರು ಹಾಕೋ ರಿವಾಜು. ಮುನಿವೆಂಕಟಪ್ಪ ಮಗನ ಹೆಸರು ಹಾಕವ್ನೆ. ಓದಿರೋ ಹುಡ್ಗ, ಆ ಕಡೇನೂ ಅಲ್ಲ, ಈ ಕಡೇನೂ ಅಲ್ಲ. ಏನಂತೀರಾ?"

ನಲವತ್ತು ವರ್ಷದ ಹಿಂದಿನ ರಿವಾಜು ಅವರೊಬ್ಬರನ್ನು ಬಿಟ್ಟರೆ ಯಾರಿಗೆ ನೆನಪಿರುತ್ತದೆ? ಅಪ್ಪನಿಗಂತೂ ಇರಲಿಲ್ಲ. ಬಾಯಿ ತೆರೆಯುವುದರೊಳಗೆ ಎಂಟರಲ್ಲಿ ಆರು ಜನ ಹೂಂ ಅಂದಾಗಿತ್ತು. ಪಿಳ್ಳಪ್ಪನಿಗೆ ರಾಮಾಂಜಿನಪ್ಪ ಆಗಲಿಲ್ಲವಲ್ಲ ಎಂದು ಸಮಾಧಾನ, ರಾಮಾಂಜಿನಪ್ಪನಿಗೆ ಪಿಳ್ಳಪ್ಪ ಆಗಲಿಲ್ಲವಲ್ಲ ಎಂದು ಸಮಾಧಾನ. ನೀನು ಬರೆದದ್ದರಲ್ಲಿ ಹೊರಗಿನಿಂದ ಬಂದ ಆ ಲಿಯೊಪೋಲ್ಡ್ ಒಬ್ಬ ಎಲ್ಲರಿಗೂ ನೆನಪುಳಿದ. ಮಿಕ್ಕದ್ದು ಗಾಳಿಗೆ ಹೋಯಿತು.

ಅಪ್ಪನ ಮುಖ ಮೊದಲು ಬಿಳಿಚಿಕೊಂಡಿತು. ಆಮೇಲೆ ಎಂಟು ಹಳ್ಳಿಯ ಜನ ಒಬ್ಬೊಬ್ಬರಾಗಿ ಬಂದು ಕೈಮುಗಿದರು ನೋಡು, ಆಗ ಬದಲಾಯಿತು. ಮನೆಗೆ ಕೆರೆ ಏರಿ ಸುತ್ತಿಕೊಂಡು ಬಂದರು. ಯಾಕೆ ಸುತ್ತು ದಾರಿ ಎಂದು ಕೇಳಿದರೆ "ಬಿಸ್ಲು ಚೆನ್ನಾಗಿತ್ತು" ಅಂದರು.

ರುಮಾಲು ಕಟ್ಟಿದರೆ ಏನೇನು ಎಂದು ನಿನಗೆ ನೆನಪಿರಲಿ. ಒಂದು ವರ್ಷ ಎಂಟು ಹಳ್ಳಿಯ ಗಡಿ ದಾಟುವಂತಿಲ್ಲ. ವರ್ಷ ಕಳೆದ ಮೇಲೆ ದಾಟಬಹುದು, ಆದರೆ ಬದುಕಿರುವವರೆಗೆ ಒಂದು ರಾತ್ರಿಯೂ ಹೊರಗೆ ಮಲಗುವಂತಿಲ್ಲ.

ಇನ್ನು ಇದು ಅಪ್ಪ ಹೇಳಿ ಬರೆಸಿದ್ದು: "ಚಿರಂಜೀವಿ ಆದಿನಾರಾಯಣಪ್ಪನಿಗೆ. ಎಂಟು ಹಳ್ಳಿ ನಿನ್ನನ್ನು ಒಪ್ಪಿದೆ. ನಮ್ಮ ವಂಶದಲ್ಲಿ ಇಂಥ ಮರ್ಯಾದೆ ಯಾರಿಗೂ ಬಂದಿರಲಿಲ್ಲ. ಫೆಬ್ರವರಿ ಹತ್ತನೇ ತಾರೀಖು ರುಮಾಲು ಕಟ್ಟುತ್ತಾರೆ. ಹಿಂದಿನ ದಿನ ಬಂದು ಸೇರು. ಪಂಚೆ ನಾನು ತಂದಿರುತ್ತೇನೆ."

ಇಷ್ಟು ಬರೆದಾದ ಮೇಲೆ ಇನ್ನೇನು ಬರೆಯಲಿ ಎಂದೆ. "ಪರೀಕ್ಷೆ ಯಾವತ್ತು ಅಂದಿದ್ದ, ಕೇಳು" ಅಂದರು. ನಾನು ಶಾಯಿಗೆ ಲೇಖನಿ ಅದ್ದುವಷ್ಟರಲ್ಲಿ "ಬ್ಯಾಡ ಬಿಡು" ಅಂದರು.

ನಮ್ಮತ್ತೆ ಈಗ ನನ್ನನ್ನು ನೋಡಿ ನಗುತ್ತಾರೆ. ಲಕ್ಕಮ್ಮ ಸೀರೆ ಮಡಿಸಿ ಮಡಿಸಿ ಇಡುತ್ತಿದ್ದಾಳೆ. ನಾನೇನೂ ಹೇಳುವುದಿಲ್ಲ. ನಿನ್ನ ಮನಸ್ಸನ್ನು ನೀನೇ ಬರಿ.

ನಿನ್ನ ಅಕ್ಕ,
ವರಲಕ್ಷ್ಮಮ್ಮ

---

ಬೆಂಗಳೂರು
3 ಫೆಬ್ರವರಿ 1946

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಅಕ್ಕನ ಕಾಗದ ಬಂತು. ಇಷ್ಟು ಜನ ಹಿರಿಯರು ನನ್ನ ಮೇಲೆ ಇಟ್ಟ ವಿಶ್ವಾಸಕ್ಕೆ ನಾನು ಚಿರಋಣಿ. ನಿಮ್ಮ ಮಾತನ್ನು ಎಂದೂ ಮೀರಿದವನಲ್ಲ, ಈಗಲೂ ಮೀರುವುದಿಲ್ಲ. ಒಂಬತ್ತನೇ ತಾರೀಖು ಇದ್ದಿಲಿನಿಂದ ಓಡುವ ದೊಡ್ಡಬಳ್ಳಾಪುರದ ಬಸ್ಸಿಗೆ ಬರುತ್ತೇನೆ.

ಪರೀಕ್ಷೆ ಅಷ್ಟು ದೊಡ್ಡ ಮಾತಲ್ಲ. ನಮ್ಮ ಕಡೆ ಎಷ್ಟು ಜನ ಬಿ.ಎ. ಇಲ್ಲದೆ ಬದುಕಿಲ್ಲ? ನನ್ನ ಮಂಚವನ್ನು ಗೆಳೆಯನೊಬ್ಬನಿಗೆ ಬಿಟ್ಟುಕೊಟ್ಟೆ, ಅವನು ಇಷ್ಟು ದಿನ ನೆಲದ ಮೇಲೆ ಮಲಗುತ್ತಿದ್ದ. ಲೈಬ್ರರಿಯ ಪುಸ್ತಕಗಳನ್ನು ಹಿಂದಕ್ಕೆ ಕೊಟ್ಟೆ. ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅದರಲ್ಲಿ ಇನ್ನು ಎಂಬತ್ತು ಪುಟ ಇದೆ, ದಿನಕ್ಕೆ ಹದಿನೈದರಂತೆ ಓದಿದರೆ ಬಸ್ಸು ಹತ್ತುವುದರೊಳಗೆ ಮುಗಿಯುತ್ತದೆ.

ಕಾಲೇಜಿನ ಮೇಷ್ಟ್ರಿಗೆ ಹೇಳಲು ಹೋಗಿದ್ದೆ. ಅವರು ಮನೆಯಲ್ಲಿರಲಿಲ್ಲ. ಮತ್ತೆ ಹೋಗಲಿಲ್ಲ.

ಪಂಚೆ ದೊಡ್ಡ ಬೆಲೆಯದು ಬೇಡ ಅಪ್ಪ.

ನಿಮ್ಮ ವಿಧೇಯ ಮಗ,
ಆದಿನಾರಾಯಣಪ್ಪ

---

ಕಲ್ಲುಕಟ್ಟೆಹಳ್ಳಿ
6 ಫೆಬ್ರವರಿ 1946

ನಾರಾಣಿ,

ಒಂಬತ್ತಕ್ಕೆ ಬಸ್ಸು ಹತ್ತಬೇಡ. ಇದನ್ನು ತೂಬಗೆರೆಯ ಅಂಚೆಗೆ ನಾನೇ ನಡೆದು ಹೋಗಿ ಹಾಕುತ್ತಿದ್ದೇನೆ.

ನಿನ್ನ ಕಾಗದ ಬಂದಾಗ ಅಪ್ಪ ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. "ಏನ್ ಬರ್ದವ್ನೆ, ಓದವ್ವ" ಅಂದರು. ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಎಂಬತ್ತು ಪುಟ ಎಂಬ ಸಾಲನ್ನು ಎರಡು ಸಲ ಓದಿದೆ. ದಿನಕ್ಕೆ ಹದಿನೈದಂತೆ! ಅದನ್ನು ಓದಿ ಏನು ಮಾಡುತ್ತೀಯೋ, ಇಲ್ಲಿ ಬಂದು ಯಾರ ಮೇಕೆ ಯಾರ ಹೊಲಕ್ಕೆ ನುಗ್ಗಿತು ಎಂದು ನ್ಯಾಯ ಹೇಳುವವನು?

ನಾನು ಕಾಗದವನ್ನು ಮುಖದ ಮುಂದೆ ಹಿಡಿದುಕೊಂಡೆ. ಗಟ್ಟಿಯಾಗಿ ಓದಿದೆ. "ಅಪ್ಪ, ನನಗೆ ಈ ರುಮಾಲು ಬೇಡ. ನನಗೆ ಓದಬೇಕು. ಪರೀಕ್ಷೆ ಮುಗಿಸಿ ಇನ್ನೂ ಮುಂದಕ್ಕೆ ಓದಬೇಕು. ನಿಮಗೆ ಬೇಜಾರಾದರೆ ನಾಲ್ಕು ಬೈಯಿರಿ, ಆದರೆ ನನ್ನನ್ನು ಕರೆಯಬೇಡಿ. ನೀವು ಇಟ್ಟ ವೀಳ್ಯವನ್ನು ನೀವೇ ಎತ್ತಿಬಿಡಿ." ಕೊನೆಗೆ ನಿಮ್ಮ ವಿಧೇಯ ಮಗ ಎಂದೂ ಓದಿದೆ. ಅದೊಂದು ಮಾತ್ರ ನೀನು ಬರೆದದ್ದು.

ಹೀಗೆ ಮಾಡಿದ್ದು ತಪ್ಪು ಎಂದು ಗೊತ್ತು. ಇದು ನಮ್ಮತ್ತೆಗೆ ತಿಳಿದರೆ ನನಗೆ ಗಂಡನ ಮನೆಯಲ್ಲಿ ಜಾಗವಿಲ್ಲ, ಲಕ್ಕಮ್ಮನ ಮದುವೆಗೆ ನಾನೇ ಕಲ್ಲು ಹಾಕಿದೆ ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಇನ್ನೂ ಒಂದಿದೆ, ವೆಂಕಟರಾಯಪ್ಪನವರು ಅವತ್ತೇ ಹೇಳಿದ್ದು. ಇಟ್ಟ ವೀಳ್ಯವನ್ನು ಎತ್ತಬಹುದು, ಇಟ್ಟವನೇ ಎತ್ತಬೇಕು. ಆದರೆ ಎತ್ತಿದವನು ಮತ್ತೆ ಕೂಟದ ಕಟ್ಟೆಯ ಮೇಲೆ ಕೂರುವಂತಿಲ್ಲ. ಇಪ್ಪತ್ತೆರಡು ವರ್ಷ ಕೂತ ಜಾಗ ಅಪ್ಪನದು.

ಅಪ್ಪ ಹಗ್ಗ ಕೆಳಗಿಟ್ಟು ಎದ್ದು ಎತ್ತುಗಳ ಹತ್ತಿರ ಹೋದರು. ಬಹಳ ಹೊತ್ತು ಅಲ್ಲೇ ಇದ್ದರು. ನನಗೆ ಹೆದರಿಕೆಯಾಗಿದೆ ಕಣೋ.

ಅಕ್ಕ

---

ಬೆಂಗಳೂರು
8 ಫೆಬ್ರವರಿ 1946

ಅಕ್ಕ,

ನಿನ್ನ ಕಾಗದ ಓದಿ ಮೊದಲು ಕೋಪ ಬಂತು. ನನ್ನ ಮಾತನ್ನು ನೀನು ಹೇಗೆ ತಿರುಗಿಸಿದೆ ಎಂದು ಗೋಡೆಯನ್ನು ಕೇಳಿದೆ. ಆಮೇಲೆ ಊಟಕ್ಕೆ ಹೋದೆ. ನಾಲ್ಕು ಸಲ ಅನ್ನ ಹಾಕಿಸಿಕೊಂಡೆ. ಬಡಿಸುವವನು ನನ್ನ ಮುಖ ನೋಡಿದ. ಐದು ದಿನದಿಂದ ನಾನು ಸರಿಯಾಗಿ ಉಂಡಿರಲಿಲ್ಲ ಎಂದು ಆಗ ತಿಳಿಯಿತು.

ನಿಜ ಬರೆಯುತ್ತೇನೆ, ನಿನಗೆ ಮಾತ್ರ. ನನಗೆ ಬೇಡವಾಗಿತ್ತು. ಬೇಡ ಎಂದು ಬರೆಯಲು ಎರಡು ಸಲ ಕೂತೆ. ಅಪ್ಪ ಕೆರೆ ಏರಿ ಸುತ್ತಿಕೊಂಡು ಬಂದರು ಎಂದು ನೀನು ಬರೆದಿದ್ದೆಯಲ್ಲ, ಅದು ಕಣ್ಣಮುಂದೆ ಬಂದು ಕೈ ಓಡಲಿಲ್ಲ.

ಆದರೆ ಈಗ ಅಪ್ಪನ ಕಣ್ಣಿಗೆ ನಾನು ಎದುರು ಮಾತಾಡಿದ ಮಗನಾದೆ. ಕಟ್ಟೆಯ ಜಾಗವೂ ನನ್ನಿಂದ ಹೋಗುತ್ತದೆ. ಅದನ್ನು ಹೊತ್ತುಕೊಂಡು ಯಾವ ಪರೀಕ್ಷೆ ಬರೆಯಲಿ? ಹೂಂ ಅನ್ನು, ಬಂದುಬಿಡುತ್ತೇನೆ. ಏನಾಯಿತೆಂದು ಬೇಗ ಬರಿ.

ನಾರಾಣಿ

---

ಕಲ್ಲುಕಟ್ಟೆಹಳ್ಳಿ
12 ಫೆಬ್ರವರಿ 1946

ನಾರಾಣಿಗೆ ಅಕ್ಕನ ತುಂಬು ಆಶೀರ್ವಾದ.

ಎಲ್ಲ ಮುಗಿಯಿತು, ಒಳ್ಳೆಯದಾಗಿಯೇ ಮುಗಿಯಿತು. ಮೊದಲು ಇದನ್ನು ತಿಳಿದುಕೊಂಡು ಆಮೇಲೆ ನಿಧಾನವಾಗಿ ಓದು.

ಭಾನುವಾರ ಬೆಳಿಗ್ಗೆ ಎಂಟು ಹಳ್ಳಿಯೂ ಅರಳಿಕಟ್ಟೆಯ ಸುತ್ತ ಸೇರಿತ್ತು. ಬೈರಣ್ಣನವರ ಹೆಂಡತಿ ಮುನಿತಾಯಮ್ಮನವರು ರುಮಾಲಿನ ಪೆಟ್ಟಿಗೆಯನ್ನೂ, ಇಷ್ಟು ದಿನ ತಮ್ಮ ಮನೆಯಲ್ಲಿ ಕಾದಿಟ್ಟಿದ್ದ ವೀಳ್ಯದ ತಟ್ಟೆಯನ್ನೂ ತಂದಿಟ್ಟರು. ವೆಂಕಟರಾಯಪ್ಪನವರು "ಎಲ್ಲಪ್ಪ ಹುಡ್ಗ?" ಎಂದು ಕೇಳಿದರು. ಅಪ್ಪ ಎದ್ದರು. ತಟ್ಟೆಗೆ ಕೈ ಹಾಕಿ, ಹದಿನಾಲ್ಕು ದಿನಕ್ಕೆ ಒಣಗಿ ಕರ್ರಗಾಗಿದ್ದ ಆ ಎರಡೆಲೆಯನ್ನೂ ಅಡಿಕೆಯನ್ನೂ ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟರು. ಜೀವಮಾನದಲ್ಲಿ ಎಲೆ ಅಡಿಕೆ ಹಾಕದವರು! ಅಗಿಯುತ್ತಾ ಮುಖ ಕಿವುಚಿದ್ದು ನೋಡಿ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಪೂರ್ತಿ ಅಗಿದು ನುಂಗಿ ಹೇಳಿದರು: "ನಾ ಇಕ್ಕಿದ್ದು, ನಾ ಎತ್ತಿದ್ದೀನಿ. ಹುಡ್ಗನ್ನ ಕೊಡಲ್ಲ. ಅವ್ನು ಓದ್ಕೊಳ್ಲಿ."

ಗಲಾಟೆ ಎದ್ದಿತು. ಪಿಳ್ಳಪ್ಪನೂ ರಾಮಾಂಜಿನಪ್ಪನೂ ಒಟ್ಟಿಗೇ ಮುಂದೆ ಬಂದರು. ಒಂಬತ್ತು ಮದುವೆಯ ಮನೆಯವರು ಅಪ್ಪನನ್ನು ಸುತ್ತಿಕೊಂಡರು. ನಮ್ಮತ್ತೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು. ಅಪ್ಪ ಆಗಲೇ ಕಟ್ಟೆ ಇಳಿದು ಕೆಳಗೆ ನೆಲದ ಮೇಲೆ ನಿಂತಿದ್ದರು. ಅಲ್ಲಿಂದಲೇ ಹೇಳಿದರು: "ಆ ಕಾಗ್ದಾನ ನೀವೆಲ್ಲ ಅರ್ಧ ಕೇಳಿದ್ರಿ. ರಾಜ ಸಿಗೋಗಂಟ ಆ ಊರ್ನೋರು ಸುಮ್ನೆ ಕೂತಿದ್ರಾ? ಕೆಲ್ಸ ನೋಡ್ಕಳ್ಳಕ್ಕೆ ಅಂತ ಒಬ್ರನ್ನ ಕೂರಿಸ್ಲಿಲ್ವಾ? ಮುನಿತಾಯಮ್ಮ ಮೊದ್ಲ ವೀಳ್ಯ ತಗೊಳ್ಲಿ. ನಲವತ್ತು ವರ್ಸ ಬೈರಣ್ಣ ಆ ಯಮ್ಮನ್ನ ಕೇಳ್ದೆ ಯಾವ ನ್ಯಾಯ ಹೇಳವ್ನೆ?"

ಹೆಂಗಸಿಗೆ ರುಮಾಲೇ ಎಂದು ಯಾರೋ ಗೊಣಗಿದರು. ಮುನಿತಾಯಮ್ಮನವರು ತಲೆಯ ಮೇಲೆ ಸೆರಗು ಎಳೆದುಕೊಂಡು, "ರುಮಾಲು ಪೆಟ್ಟಿಗೇಲೇ ಇರ್ಲಿ. ಮೊದ್ಲು ಆ ಹೆಣ್ಮಕ್ಕಳ ಮದ್ವೆ ಮಾಡಿ" ಎಂದರು. ಇನ್ನೊಬ್ಬನಿಗೆ ಹೋಗುವುದಕ್ಕಿಂತ ಅತ್ತೆಯೇ ವಾಸಿ ಎಂದು ರಾಮಾಂಜಿನಪ್ಪನೂ, ಚಿಕ್ಕಮ್ಮನೇ ವಾಸಿ ಎಂದು ಪಿಳ್ಳಪ್ಪನೂ ಒಪ್ಪಿದರು. ವೆಂಕಟರಾಯಪ್ಪನವರು ವೀಳ್ಯ ಕೊಟ್ಟರು. ಲಕ್ಕಮ್ಮನ ಮದುವೆ ಮುಂದಿನ ಶುಕ್ರವಾರ. ನಮ್ಮತ್ತೆ ಮತ್ತೆ ನಗುತ್ತಿದ್ದಾರೆ. ಈ ಸಲ ಎಷ್ಟು ದಿನವೋ ನೋಡೋಣ.

ಅಪ್ಪ ಈಗ ಕೂಟದವರಲ್ಲ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನಿನ್ನೆ ಸಂಜೆ ನಾನು ತಡೆಯಲಾರದೆ ಅವರ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ನಿನ್ನ ಕಾಗದದಲ್ಲಿ ಇದ್ದದ್ದು ಬೇರೆ, ನಾನು ಓದಿದ್ದು ಬೇರೆ ಎಂದು. ನಾರಾಣಿ ಬರುತ್ತೇನೆ ಎಂದೇ ಬರೆದಿದ್ದ, ನಿಮ್ಮ ಜಾಗ ಹೋಗಿದ್ದು ನನ್ನಿಂದ ಎಂದು ಅತ್ತುಬಿಟ್ಟೆ.

ಅಪ್ಪ ಹಗ್ಗದಿಂದ ಕಣ್ಣೆತ್ತಲಿಲ್ಲ. "ಅವ್ನ ಕಾಗ್ದದಲ್ಲಿ ಏನಿತ್ತು ಅಂತ ನಂಗೊತ್ತಿಲ್ವಾ?" ಅಂದರು. "ಹುಟ್ಟಿದಾಗ್ನಿಂದ ನಾ ಏನಂದ್ರೂ ಹೂಂ ಅಂದಿರೋ ಮಗ ಕಣವ್ವ. ಅವನಾ ಬ್ಯಾಡ ಅಂತ ಬರಿಯೋನು? ನೀ ಬಾಯಿ ಬಿಡ್ತಿದ್ದಂಗೇ ತಿಳೀತು. ಕೇಳಿದ್ರೆ ಹೂಂ ಅಂತಾನೆ, ಅದ್ಕೇ ಕೇಳ್ಬಾರ್ದಾಗಿತ್ತು. ಎಂಟು ಹಳ್ಳಿ ಕೈಮುಗಿದ್ರಲ್ಲ, ಆಸೆ ಬಂದ್ಬಿಡ್ತು ನಂಗೆ. ಬ್ಯಾಡ ಅನ್ನೋದು ನನ್ ಬಾಯಲ್ಲೇ ಬರ್ಬೇಕಾಗಿತ್ತು. ಎದ್ದು ಎತ್ತಿನತ್ರ ಹೋಗಿ ಅದ್ನೇ ಗಟ್ಟಿ ಮಾಡ್ಕೊಂಡೆ."

ನನಗೆ ಅಳುವೂ ನಿಲ್ಲಲಿಲ್ಲ, ನಗುವೂ ನಿಲ್ಲಲಿಲ್ಲ. ಆರು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿಯಿತು. ನಿನ್ನ ಎದೆಯ ಮೇಲಿನದೂ ಇಳಿಸಿಬಿಡು. ಮಂಚ ವಾಪಸ್ಸು ಕೇಳು, ಪುಸ್ತಕಗಳನ್ನು ವಾಪಸ್ಸು ತಾ.

ಒಂದು ಮಾತು, ನಾರಾಣಿ. ಇನ್ನು ಮೇಲೆ ಅಪ್ಪ ಏನಾದರೂ ಕೇಳಿ ಅದು ನಿನಗೆ ಬೇಡವಾಗಿದ್ದರೆ, ಬೇಡ ಎಂದೇ ಬರಿ. ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ. ಅವರು ಕೇಳಿಸಿಕೊಳ್ಳುತ್ತಾರೆ.

ನಿನ್ನ ಅಕ್ಕ,
ವರಲಕ್ಷ್ಮಮ್ಮ